ಕುಂಟೆಗೆ ನಾನು ಕೊಟ್ಟ ಹೆಸರು

ಗಾಳಿ ಅಳೆಯುವ ಯಂತ್ರ ಇಡಲು ಒಂದು ಮಾಳಿಗೆ ಬೇಕಾಗಿತ್ತು. ಅದನ್ನು ಹುಡುಕುತ್ತಾ ಹೋಗಿ ನಾನು ಆಕೆಯ ಮನೆಯ ಗೇಟು ತಟ್ಟಿದೆ.

ಆಗ ನಾನು ಪೀಣ್ಯದ ಒಂದು ಪರಿಸರ ಸಲಹಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಕೆಳಗಡೆ ಲೇತ್ ಮಿಷನ್ನುಗಳ ಶೆಡ್ಡು, ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು, ಅದರ ಹಿಂದೆ ನೀರು ಮಣ್ಣು ಪರೀಕ್ಷಿಸುವ ಪುಟ್ಟ ಲ್ಯಾಬ್. ದೊಡ್ಡ ಕಾರ್ಖಾನೆ ಕಟ್ಟುವವರು ಮೊದಲು ಪರಿಸರ ಅನುಮತಿ ಪಡೆಯಬೇಕು. ಅದಕ್ಕಾಗಿ ಆ ಜಾಗದ ಸುತ್ತಲಿನ ಗಾಳಿ, ನೀರು, ಮಣ್ಣು, ಸದ್ದು, ಗಿಡಮರ, ಜನಜೀವನ ಎಲ್ಲವನ್ನೂ ಮೂರು ತಿಂಗಳು ನೋಡಿ, ಕಾರ್ಖಾನೆ ಬಂದರೆ ಏನು ಕೆಡಬಹುದು, ಕೆಡದಂತೆ ಏನು ಮಾಡಬಹುದು ಎಂದು ವರದಿ ಕೊಡಬೇಕು. ಆ ವರದಿ ಬರೆಯುವವರು ನಾವು. ನಮ್ಮನ್ನು ಗೊತ್ತುಮಾಡುವವರೂ ನಮಗೆ ಫೀಸು ಕೊಡುವವರೂ ಕಾರ್ಖಾನೆಯವರೇ. ಏರ್ಪಾಡೇ ಹಾಗಿದೆ. ಕೆಲಸಕ್ಕೆ ಸೇರಿದ ಮೊದಲ ವಾರ ಇದು ನನಗೆ ವಿಚಿತ್ರವಾಗಿ ಕಂಡಿತ್ತು. ಎರಡನೇ ವಾರ ಕಾಣಲಿಲ್ಲ.

ಈ ಸಲ ಬಂದದ್ದು ಮಾತ್ರೆಗಳಿಗೆ ಬೇಕಾದ ರಾಸಾಯನಿಕ ತಯಾರಿಸುವ ಕಾರ್ಖಾನೆ. ಜಿಗಣಿಯ ಕೈಗಾರಿಕಾ ಪ್ರದೇಶದ ಗಡಿ ದಾಟಿ, ಇನ್ನೂ ಊರು ಅನ್ನಿಸಿಕೊಳ್ಳುವ ಒಂದು ಕಡೆ ಅವರು ಜಮೀನು ಕೊಂಡಿದ್ದರು. ಆಫೀಸಿನಲ್ಲಿ ಕನ್ನಡ ಸರಾಗವಾಗಿ ಬರೆಯುವವಳು ನಾನೊಬ್ಬಳೇ ಆದ್ದರಿಂದ ಊರಿನ ಸಮೀಕ್ಷೆ, ಕನ್ನಡದ ಸಾರಾಂಶ, ಜನರ ಜೊತೆಗಿನ ಮಾತುಕತೆ ಎಲ್ಲ ನನ್ನ ಪಾಲಿಗೆ ಬಂತು. ನನಗದು ಹೆಮ್ಮೆಯ ವಿಷಯವಾಗಿತ್ತು.

ಗೇಟು ತೆರೆದಾಕೆಗೆ ಐವತ್ತರ ಆಸುಪಾಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಸೆಗಣಿ ಬುಟ್ಟಿ ಹಿಡಿದಿದ್ದರು. ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಮನೆಯ ಹಿಂದೆ, ನೆಲ ಇಳಿಜಾರಾಗುವ ಕಡೆ, ಶೀಟು ಹೊದಿಸಿದ ಎಂಟು ರೂಮುಗಳ ಸಾಲು. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಿಗೆ ಅವುಗಳನ್ನು ಬಾಡಿಗೆಗೆ ಕೊಟ್ಟಿದ್ದರು. ಗಂಡ ಊರಿನ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ. ನಾನು ಬಂದ ಕೆಲಸ ಹೇಳಿದೆ.

"ಕರೆಂಟು ನಮ್ದು, ಮಾಳಿಗೆ ನಮ್ದು, ಸದ್ದು ಕೇಳೋರೂ ನಾವೇ," ಎಂದು ಆಕೆ ಜೀಪಿನಿಂದ ಇಳಿಸಿದ್ದ ಯಂತ್ರವನ್ನು ಸುತ್ತ ಬಂದು ನೋಡಿದರು. "ಏನ್ ಅಳೀತೈತಮ್ಮ ಇದು?"

"ಗಾಳೀಲಿ ಎಷ್ಟು ಧೂಳಿದೆ ಅಂತ ಅಕ್ಕ."

"ಅದುಕ್ಕೆ ಇಷ್ಟ್ ದೊಡ್ ಮಿಸನ್ನಾ? ನನ್ ಕೇಳಿದ್ರೆ ನಾನೇ ಏಳ್ತಿದ್ದೆ. ಬೆಳಿಗ್ಗೆ ಒರೆಸಿದ್ ಟಿವಿ ಮ್ಯಾಲೆ ಮದ್ಯಾನ್ನುಕ್ಕೆ ಬೆರಳಿಟ್ ನೋಡು."

ಹಾಗೆ ಅಂದರೂ ಮಾಳಿಗೆ ಕೊಟ್ಟರು. ವಾರಕ್ಕೆ ಎರಡು ದಿನ ಯಂತ್ರ ಓಡಬೇಕು. ಲ್ಯಾಬಿನವರು ಬಂದು ಅದರೊಳಗಿನ ಧೂಳು ಹಿಡಿಯುವ ಕಾಗದ ಬದಲಿಸುವರು, ಅವರ ಜೊತೆ ಆಫೀಸಿನ ಜೀಪಿನಲ್ಲಿ ನಾನೂ ಬಂದು ಮನೆಮನೆ ಸಮೀಕ್ಷೆ ಮಾಡುವೆ. ಮೊದಲು ನನ್ನನ್ನು ಮೇಡಂ ಅನ್ನುತ್ತಿದ್ದ ಆಕೆ ಮೂರನೇ ವಾರಕ್ಕೆ "ಬಾಮ್ಮ, ಕುಂತ್ಕೊ" ಅನ್ನತೊಡಗಿದರು. ನಾನು ಬರುವ ದಿನ ಹುರುಳಿಕಾಳಿನ ಸಾರು ಮಾಡಿರುತ್ತಿದ್ದರು. ಮುದ್ದೆ ನುಂಗಲು ಬಾರದೆ ನಾನು ಅಗಿಯುವುದನ್ನು ನೋಡಿ ಬಾಡಿಗೆಯವರನ್ನೆಲ್ಲ ಕರೆದು ತೋರಿಸಿ ನಗುತ್ತಿದ್ದರು.

ಕಾರ್ಖಾನೆ ಬರುವುದಕ್ಕೆ ಆಕೆಯ ವಿರೋಧವೇನೂ ಇರಲಿಲ್ಲ. "ಬರ್ಲಿ ಬುಡಮ್ಮ. ಕಂಪ್ನಿ ಬಂದ್ರೆ ಜನ ಬತ್ತಾರೆ, ಜನ ಬಂದ್ರೆ ರೂಮು ಕಾಲಿ ಇರಾಕಿಲ್ಲ," ಎಂದಿದ್ದರು. ನನ್ನ ಸಮೀಕ್ಷೆಯ ಹಾಳೆಯಲ್ಲಿ ಯೋಜನೆಗೆ ಒಪ್ಪಿಗೆ ಇದೆಯೇ ಎಂಬ ಪ್ರಶ್ನೆಯ ಮುಂದೆ ಹೌದು ಎಂದೇ ಬರೆಸಿದ್ದರು.

ಅದೇ ಹಾಳೆಯಲ್ಲಿ ಇನ್ನೊಂದು ಪ್ರಶ್ನೆಯಿತ್ತು: ಹತ್ತಿರದಲ್ಲಿ ಕೆರೆ, ಕುಂಟೆ, ಹಳ್ಳ ಏನಾದರೂ ಇದೆಯೇ?

"ಬಾ, ತೋರಿಸ್ತೀನಿ," ಎಂದು ಚಪ್ಪಲಿ ಮೆಟ್ಟಿದರು.

ಮನೆಯಿಂದ ಕೂಗಳತೆ ದೂರದಲ್ಲಿ, ಕಂಪನಿಯವರು ಕೊಂಡ ಜಮೀನಿನ ಮೂಲೆಯಲ್ಲಿ, ಒಂದು ಕುಂಟೆ ಇತ್ತು. ಕೆರೆಯಷ್ಟು ದೊಡ್ಡದಲ್ಲ, ಹೊಂಡದಷ್ಟು ಚಿಕ್ಕದೂ ಅಲ್ಲ. ಏಪ್ರಿಲ್ ತಿಂಗಳಾದ್ದರಿಂದ ನೀರಿರಲಿಲ್ಲ. ತಳದ ಮಣ್ಣು ಒಡೆದು ಹಂಚಿನ ಚೂರುಗಳ ಹಾಗೆ ಮೇಲೆದ್ದಿತ್ತು. ಏರಿಯ ಮೇಲೆ ಹೊಂಗೆ ಮರಗಳು. ಒಂದು ಕಡೆ ಇಳಿಯಲು ಕಲ್ಲು ಚಪ್ಪಡಿಗಳು. ನಾವಿಬ್ಬರೂ ಏರಿಯ ಮೇಲೆ ನೆರಳಿನಲ್ಲಿ ಕುಳಿತೆವು. ಆಕೆ ಹೇಳುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ. ಗೌರಿ ಹಬ್ಬದ ಹೊತ್ತಿಗೆ ತುಂಬುತ್ತದೆ, ಸಂಕ್ರಾಂತಿ ಕಳೆಯುವವರೆಗೂ ನೀರಿರುತ್ತದೆ. ಊರಿನ ಗಣಪತಿಯನ್ನು ಬಿಡುವುದು ಇಲ್ಲೇ. ದನ ತೊಳೆಯುವುದು ಇಲ್ಲೇ. ಮೇಲಿನ ರಸ್ತೆಯ ನೀರು, ಗುಡ್ಡದ ಕಡೆಯ ನೀರು ಎಲ್ಲ ಹರಿದು ಬಂದು ಸೇರುವುದೂ ಇಲ್ಲೇ.

"ಇದೊಂದ್ ಇಲ್ದಿದ್ರೆ ಆ ನೀರೆಲ್ಲ ಎಲ್ಲಿಗೋಯ್ತದೆ ಏಳು?" ಎಂದು ತಮ್ಮ ರೂಮುಗಳ ಕಡೆ ಗಲ್ಲ ಎತ್ತಿ ತೋರಿಸಿದರು. "ಕಂಪ್ನಿಯೋರು ಏನಾದ್ರೂ ಕಟ್ಕಳ್ಲಿ. ಇದನ್ನೊಂದ್ ಬುಟ್ಬುಡೀ ಅಂತ ಬರಿ. ಬರ್ದ್ಯಾ?"

"ಬರೆದೆ ಅಕ್ಕ."

"ಎಲ್ಲಿ, ಓದು."

ಓದಿದೆ. ತಲೆಯಾಡಿಸಿದರು. ಹಾಳೆಯ ಕೊನೆಯಲ್ಲಿ ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಬರೆದು ಸಹಿ ಹಾಕಿದರು. ಕುಂಟೆಯ ಫೋಟೋ ತೆಗೆಯುವಾಗ ಆಕೆಯೂ ಚಪ್ಪಡಿಯ ಮೇಲೆ ನಿಂತುಕೊಂಡರು.

ಆಫೀಸಿನಲ್ಲಿ ವರದಿಯ ಹೊಣೆ ಹೊತ್ತಿದ್ದ ನನ್ನ ಸೀನಿಯರ್ ಕೆಟ್ಟ ಮನುಷ್ಯರಲ್ಲ. ನನಗೆ ಕೆಲಸ ಕಲಿಸಿದವರು ಅವರೇ. ಜ್ವರ ಬಂದಾಗ ಮನೆಗೆ ಆಟೋ ಮಾಡಿ ಕಳಿಸಿದವರು. ನಾನು ಫೋಟೋಗಳನ್ನು ತೋರಿಸಿದಾಗ ಅವರು ಕಾರ್ಖಾನೆಯ ನಕ್ಷೆಯನ್ನು ಪಕ್ಕದಲ್ಲಿಟ್ಟು ನೋಡಿದರು. ಕುಂಟೆ ಇದ್ದ ಮೂಲೆಯಲ್ಲೇ ಬಾಯ್ಲರ್ ಮನೆ, ಕೊಳಚೆ ನೀರು ಶುದ್ಧೀಕರಿಸುವ ಘಟಕ ಬರುವುದಿತ್ತು.

"ವಿಲೇಜ್ ಮ್ಯಾಪಲ್ಲಿ ಕುಂಟೆ ಅಂತ ಇದ್ಯಾ?"

"ಇಲ್ಲ ಸರ್. ಖರಾಬು, ಉಳುಮೆಗೆ ಬಾರದ ಜಾಗ ಅಂತಿದೆ."

"ನೀನು ಹೋದಾಗ ನೀರಿತ್ತಾ?"

"ಇಲ್ಲ. ಆದ್ರೆ ಮಳೆಗಾಲದಲ್ಲಿ ತುಂಬುತ್ತಂತೆ ಸರ್."

"ಮಳೆಗಾಲ ಬಿಟ್ಟು ಬೇರೆ ಸೀಸನ್ ಡೇಟಾ ಕೊಡಿ ಅಂತ ರೂಲ್ಸೇ ಹೇಳುತ್ತೆ. ನಾವೇನು ಮಾಡಕ್ಕಾಗುತ್ತೆ? ಜಲಮೂಲ ಅಂತ ಬರೆದ್ರೆ ಸುತ್ತ ಜಾಗ ಬಿಡಬೇಕು, ಲೇಔಟ್ ಪೂರ್ತಿ ಚೇಂಜ್ ಮಾಡ್ಬೇಕು. ಮುಂದಿನ ವಾರ ಸಬ್ಮಿಷನ್ ಇದೆ." ಆಮೇಲೆ ಫೋಟೋಗಳನ್ನು ನನ್ನ ಕಡೆ ಸರಿಸಿ ಹೇಳಿದರು: "ಹೇಗೆ ಬರೀತೀಯೋ ನೀನೇ ನೋಡು. ನೀನು ಜಾಗ ನೋಡಿದೀಯ."

ಈ ಮಾತನ್ನು ನಾನು ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ. ಸುಳ್ಳು ಬರೆ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ನನಗೆ ಇವತ್ತು ಒಂದು ನೆಪವಾದರೂ ಇರುತ್ತಿತ್ತು.

ನಾನು ನನ್ನ ಟೇಬಲ್ಲಿಗೆ ಬಂದು ಮೊದಲು "ವರ್ಷದ ಕೆಲವು ತಿಂಗಳು ನೀರು ನಿಲ್ಲುವ ತಗ್ಗು" ಎಂಬ ಅರ್ಥ ಬರುವಂತೆ ಬರೆದೆ. ನೀರು ಎಂಬ ಪದ ಇದ್ದರೆ ಪ್ರಶ್ನೆ ಬರುತ್ತದೆ ಅನ್ನಿಸಿತು. ಅದನ್ನು ಅಳಿಸಿ "ಒಣ ತಗ್ಗು ಪ್ರದೇಶ" ಎಂದಷ್ಟೇ ಮಾಡಿದೆ. ಆಕೆ ಚಪ್ಪಡಿಯ ಮೇಲೆ ನಿಂತಿದ್ದ ಫೋಟೋವನ್ನು ಬಿಟ್ಟು, ಒಡೆದ ಮಣ್ಣು ಮಾತ್ರ ಕಾಣುವ ಇನ್ನೊಂದು ಫೋಟೋ ಹಾಕಿದೆ. ಸೀನಿಯರ್ ಓದಿ, "ಇದು ಕರೆಕ್ಟಾಗಿದೆ. ಯಾರೂ ತಪ್ಪು ಹಿಡಿಯೋ ಹಾಗಿಲ್ಲ," ಎಂದರು. ನನಗೆ ನಿಜವಾಗಿಯೂ ಸಂತೋಷವಾಯಿತು. ಅಂದು ಸಂಜೆ ದಾಸರಹಳ್ಳಿಯ ಪಿಜಿಗೆ ಹೋಗುವಾಗ ದಾರಿಯಲ್ಲಿ ನಿಂತು ಗೋಬಿ ಮಂಚೂರಿ ತಿಂದೆ. ಆ ಸಂತೋಷವೇ ಈಗ ನನ್ನನ್ನು ಹೆಚ್ಚು ಚುಚ್ಚುವುದು.

ಆಮೇಲೆ ಕನ್ನಡದ ಸಾರಾಂಶ. ಊರಿನವರು ಓದಲೆಂದು ವರದಿಯ ಸಾರಾಂಶವನ್ನು ಕನ್ನಡದಲ್ಲಿ ಬರೆದು ಪಂಚಾಯಿತಿ ಆಫೀಸಿನಲ್ಲಿ ಇಡಬೇಕು, ಪೇಪರಿನಲ್ಲಿ ಪ್ರಕಟಣೆ ಕೊಡಬೇಕು, ಒಂದು ತಿಂಗಳಾದ ಮೇಲೆ ಊರಿನಲ್ಲೇ ಸಾರ್ವಜನಿಕ ಆಲಿಕೆ ಸಭೆ ನಡೆಸಿ ಜನ ಏನು ಹೇಳುತ್ತಾರೆಂದು ಕೇಳಬೇಕು. ಜನರಿಗಾಗಿ ಇರುವ ಆ ಕೆಲವೇ ಪುಟಗಳನ್ನು ನಾನು ಯಾರಿಗೂ ಅರ್ಥವಾಗದ ಕನ್ನಡದಲ್ಲಿ ಬರೆದೆ. "ಪ್ರಸ್ತಾವಿತ ಯೋಜನಾ ಸ್ಥಳದ ವಾಯವ್ಯ ಭಾಗದಲ್ಲಿರುವ ನಿರುಪಯುಕ್ತ ಶುಷ್ಕ ತಗ್ಗು ಪ್ರದೇಶವನ್ನು ಸಮತಟ್ಟುಗೊಳಿಸಿ ಪೂರಕ ಘಟಕಗಳನ್ನು ಸ್ಥಾಪಿಸಲು ಉದ್ದೇಶಿಸಲಾಗಿದೆ." ಇಂಥ ಭಾಷೆಯಲ್ಲೇ ಬರೆಯಬೇಕೆಂದು ಯಾರೂ ಹೇಳಿರಲಿಲ್ಲ. ನಿರುಪಯುಕ್ತ ಎನ್ನುವ ಪದವಂತೂ ಇಂಗ್ಲಿಷ್ ವರದಿಯಲ್ಲಿ ಇರಲೇ ಇಲ್ಲ. ವಾಕ್ಯಕ್ಕೆ ತೂಕ ಬರುತ್ತದೆಂದು ನಾನೇ ಸೇರಿಸಿದ್ದು.

ಸಭೆಗೆ ಒಂದು ವಾರ ಇದೆಯೆನ್ನುವಾಗ ಆಕೆಯ ಫೋನು ಬಂತು.

"ಪಂಚಾಯ್ತಿಲಿ ನಿಮ್ ಪುಸ್ತಕ ಮಡಗವ್ರೆ ಕಣಮ್ಮ. ನಮ್ ಮನೆಯೋರು ಓದಿದ್ರು, ಡೇರಿಲಿ ಇರೋ ಇನ್ನಿಬ್ರೂ ಓದಿದ್ರು. ಒಬ್ರುಗೂ ತಲೆಬುಡ ಆಗ್ಲಿಲ್ಲ. ಸುಷ್ಕ ಅಂದ್ರೇನು?"

"ಒಣಗಿರೋದು ಅಕ್ಕ."

"ಸಮತಟ್ಟು ಅಂದ್ರೆ?"

"ಮಟ್ಟ ಮಾಡೋದು."

"ನಮ್ ಕುಂಟೆ ಇಸ್ಯ ಅಲ್ಲ ತಾನೆ?"

"ಸಭೆಗೆ ಬನ್ನಿ ಅಕ್ಕ. ಅಲ್ಲೇ ಕೇಳಿ, ಎಲ್ಲಾ ವಿವರವಾಗಿ ಹೇಳ್ತಾರೆ," ಎಂದು ಫೋನಿಟ್ಟೆ. ಹೇಳುವವಳು ನಾನೇ ಎಂದು ನನಗೆ ಗೊತ್ತಿತ್ತು.

ಸಭೆ ನಡೆದದ್ದು ಊರಿನ ಶಾಲೆಯ ಮೈದಾನದಲ್ಲಿ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ವೇದಿಕೆಯ ಮೇಲೆ ಜಿಲ್ಲಾಡಳಿತದ ಅಧಿಕಾರಿ, ಮಾಲಿನ್ಯ ನಿಯಂತ್ರಣ ಮಂಡಳಿಯವರು, ಕಂಪನಿಯವರು, ಒಂದು ಕೊನೆಯಲ್ಲಿ ಸೀನಿಯರ್ ಮತ್ತು ನಾನು. ಎದುರಿಗೆ ವಿಡಿಯೋ ತೆಗೆಯುವವನು. ನಾನು ಪರದೆಯ ಮೇಲೆ ಚಿತ್ರ ತೋರಿಸುತ್ತಾ ಕನ್ನಡದಲ್ಲಿ ವಿವರಿಸಿದೆ. ಜನ ಎದ್ದೆದ್ದು ಮಾತಾಡಿದರು. ಊರಿನವರಿಗೆ ಕೆಲಸ ಕೊಡಬೇಕು, ರಸ್ತೆ ಹಾಕಿಸಬೇಕು, ಶಾಲೆಗೆ ಶೌಚಾಲಯ ಕಟ್ಟಿಸಬೇಕು. ಕಂಪನಿಯವರು ಎಲ್ಲದಕ್ಕೂ ಖಂಡಿತ ಎಂದರು.

ಆಮೇಲೆ ಆಕೆ ಎದ್ದರು. ಹಬ್ಬಕ್ಕೆ ಉಡುವ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಕಂಪ್ನಿ ಬ್ಯಾಡ ಅನ್ನಾಕಿಲ್ಲ ಸಾರ್ ನಾನು. ಅಲ್ಲೊಂದು ಕುಂಟೆ ಐತೆ. ಅದನ್ ಮುಚ್ಬೇಡಿ ಅಂತ ಅಷ್ಟೇ. ಅದು ಮುಚ್ಚಿದ್ರೆ ನೀರು ನಮ್ ರೂಮ್‌ಗಳ್ಗೆ ನುಗ್ತೈತೆ."

ಅಧಿಕಾರಿ ಕಾಗದ ತಿರುವಿದರು. "ವರದೀಲಿ ಕುಂಟೆ ಅಂತ ಇಲ್ವಲ್ಲಮ್ಮ."

"ಅದೆಂಗೆ ಇಲ್ಲ ಸಾರ್? ಆ ಹುಡ್ಗಿ ಬಂದ್ ನೋಡವ್ಳೆ." ಆಕೆ ನನ್ನ ಕಡೆ ಕೈ ತೋರಿಸಿದರು. ಮುಖದಲ್ಲಿ ಕೋಪವಿರಲಿಲ್ಲ, ನಮ್ಮವಳೊಬ್ಬಳು ಮೇಲೆ ಕೂತಿದ್ದಾಳೆ ಎಂಬ ಧೈರ್ಯವಿತ್ತು. "ನಾನೇ ಕರ್ಕಂಡೋಗಿ ತೋರಿಸ್ದೆ. ನನ್ ಪಕ್ಕ ಕುಂತ್ಕಂಡು ಬರ್ಕಂಡ್ಲು, ಓದೀನೂ ಏಳಿದ್ಲು. ಅವ್ಳನ್ನೇ ಕೇಳಿ."

ಎಲ್ಲರೂ ನನ್ನತ್ತ ತಿರುಗಿದರು. ಸೀನಿಯರ್ ತಮ್ಮ ಮುಂದಿದ್ದ ನೀರಿನ ಬಾಟಲಿಯ ಲೇಬಲ್ ನೋಡುತ್ತಿದ್ದರು.

"ಏನ್ ಮೇಡಂ, ಕುಂಟೆ ಇದೆಯಾ ಅಲ್ಲಿ?" ಎಂದರು ಅಧಿಕಾರಿ.

ಇದೆ ಸಾರ್. ಇಷ್ಟೇ ಹೇಳಬೇಕಿತ್ತು. ಎರಡೇ ಪದ. ನಾನು ಎದ್ದು ನಿಂತೆ. "ಸಾರ್, ನಮ್ಮ ಅಧ್ಯಯನದ ಅವಧಿಯಲ್ಲಿ ಅಲ್ಲಿ ನೀರು ಕಂಡುಬಂದಿಲ್ಲ," ಎಂದೆ.

"ನೀರ್ ಐತಾ ಅಂತ ಕೇಳ್ಲಿಲ್ಲ ಕಣಮ್ಮ ಅವ್ರು," ಎಂದರು ಆಕೆ ಮೈಕಿನಲ್ಲಿ. "ಕುಂಟೆ ಐತಾ ಅಂತ ಕೇಳಿದ್ರು."

ಜನ ನಕ್ಕರು. ಆ ನಗೆಯಿಂದ ನನಗೆ ರೋಷ ಬಂತು. ಅದನ್ನೂ ಹೇಳಿಬಿಡುತ್ತೇನೆ, ಆ ಕ್ಷಣದಲ್ಲಿ ನನಗೆ ಆಕೆಯ ಮೇಲೆ ಸಿಟ್ಟು ಬಂದಿತ್ತು. "ಕಂದಾಯ ನಕ್ಷೆಯಲ್ಲಿ ಅದು ಜಲಮೂಲ ಅಂತ ದಾಖಲಾಗಿಲ್ಲ ಸಾರ್. ತಗ್ಗು ಪ್ರದೇಶ ಅಷ್ಟೇ," ಎಂದೆ. ದನಿ ಗಟ್ಟಿಯಾಗಿತ್ತು.

ಆಕೆ ನನ್ನನ್ನು ನೋಡಿದರು. ಮೈಕನ್ನು ಪಕ್ಕದವರ ಕೈಗೆ ಕೊಟ್ಟು ಕುಳಿತುಬಿಟ್ಟರು.

ಸಭೆಯ ಕೊನೆಯಲ್ಲಿ ನಡಾವಳಿಯನ್ನು ಎಲ್ಲರೆದುರು ಕನ್ನಡದಲ್ಲಿ ಓದಿ ಹೇಳಬೇಕೆಂದು ನಿಯಮವಿದೆ. ಓದಿದರು. "ಸ್ಥಳೀಯ ಮಹಿಳೆಯೊಬ್ಬರು ಮಳೆನೀರಿನ ಹರಿವಿನ ಬಗ್ಗೆ ವಿಚಾರಿಸಿದರು. ಸಲಹೆಗಾರರು ಸ್ಪಷ್ಟನೆ ನೀಡಿದರು."

"ಇಚಾರಿಸ್ಲಿಲ್ಲ ಸಾರ್ ನಾನು," ಎಂದು ಆಕೆ ಕುಳಿತಲ್ಲಿಂದಲೇ ಕೂಗಿದರು. "ಏಳ್ದೆ."

"ವಿಡಿಯೋದಲ್ಲಿ ಎಲ್ಲಾ ಇದೆ ಬಿಡಮ್ಮ," ಎಂದರು ಯಾರೋ. ಅಷ್ಟರಲ್ಲಿ ಕುರ್ಚಿ ಎತ್ತಿಡಲು ಶುರುಮಾಡಿದ್ದರು. ಊಟದ ಪೊಟ್ಟಣ ಹಂಚುತ್ತಿದ್ದರು. ನಾನು ಹೋಗಿ ಜೀಪಿನಲ್ಲಿ ಗಾಜು ಏರಿಸಿ ಕುಳಿತೆ. ಆಕೆ ಗಂಡನ ಜೊತೆ ಜೀಪಿನ ಪಕ್ಕದಲ್ಲೇ ನಡೆದುಹೋದರು. ನಾನು ಫೋನಿನಲ್ಲಿ ಏನೋ ನೋಡುವವಳಂತೆ ತಲೆ ತಗ್ಗಿಸಿದ್ದೆ.

ಮುಂದಿನದೆಲ್ಲ ನಮ್ಮ ಕೆಲಸದಲ್ಲಿ ನಡೆಯುವಂತೆಯೇ ನಡೆಯಿತು. ಸಭೆಯ ನಡಾವಳಿ ಮತ್ತು ನಮ್ಮ ವರದಿ ತಜ್ಞರ ಸಮಿತಿಯ ಮುಂದೆ ಹೋದವು. ಅವರು ಜಾಗ ನೋಡಲು ಬರುವುದಿಲ್ಲ, ನಾವು ಬರೆದದ್ದನ್ನು ನೋಡಿ ತೀರ್ಮಾನಿಸುತ್ತಾರೆ. ಒಂದಷ್ಟು ಷರತ್ತುಗಳೊಂದಿಗೆ ಅನುಮತಿ ಸಿಕ್ಕಿತು. ಸಹಜವಾಗಿ ನೀರು ಹರಿಯುವ ದಾರಿಗೆ ಅಡ್ಡಿ ಮಾಡಬಾರದು ಎಂಬ ಷರತ್ತೂ ಅದರಲ್ಲಿತ್ತು. ಎಲ್ಲ ಅನುಮತಿ ಪತ್ರಗಳಲ್ಲೂ ಆ ಸಾಲು ಇರುತ್ತದೆ. ನಮ್ಮ ವರದಿಯ ಪ್ರಕಾರ ಅಲ್ಲಿ ಹರಿಯುವಂಥದ್ದೇನೂ ಇರಲಿಲ್ಲವಲ್ಲ.

ಜೆಸಿಬಿ ಬಂದ ದಿನ ಆಕೆಯ ಫೋನು ಬಂತು. ಹೆಸರು ನೋಡಿ ಎತ್ತಲಿಲ್ಲ. ಮಾರನೇ ದಿನವೂ ಬಂತು. ಅದರ ಮಾರನೇ ದಿನವೂ ಬಂತು. ಆಮೇಲೆ ಬರಲಿಲ್ಲ. ನನ್ನ ಎದೆ ಹಗುರಾದದ್ದು ನನಗೇ ತಿಳಿಯಿತು.

ಅನುಮತಿ ಸಿಕ್ಕ ಮೇಲೂ ಆರು ತಿಂಗಳಿಗೊಮ್ಮೆ ಷರತ್ತುಗಳು ಪಾಲನೆಯಾಗಿವೆಯೇ ಎಂದು ಕಂಪನಿ ವರದಿ ಕೊಡಬೇಕು. ಅದನ್ನೂ ನಾವೇ ಬರೆಯುತ್ತಿದ್ದೆವು. ಮೊದಲೆರಡು ಸಲ ಏನೇನೋ ಕಾರಣ ಹೇಳಿ ತಪ್ಪಿಸಿಕೊಂಡೆ. ಮೂರನೇ ಸಲ ಕಳಿಸಲು ಬೇರೆ ಯಾರೂ ಇರಲಿಲ್ಲ. ಅದು ಸೆಪ್ಟೆಂಬರ್. ಎರಡು ದಿನ ಬಿಡದೆ ಮಳೆ ಸುರಿದಿತ್ತು.

ಹೊಂಗೆ ಮರಗಳಿದ್ದ ಕಡೆ ಕಾರ್ಖಾನೆಯ ಎತ್ತರದ ಕಾಂಪೌಂಡ್ ಗೋಡೆ ನಿಂತಿತ್ತು. ಗುಡ್ಡದ ಕಡೆಯಿಂದ ಬಂದ ಕೆಂಪು ನೀರು ಗೋಡೆಗೆ ಬಡಿದು, ಗೋಡೆಯ ಗುಂಟ ಹರಿದು, ಆಕೆ ಅಂದು ಗಲ್ಲ ಎತ್ತಿ ತೋರಿಸಿದ ಕಡೆಗೇ ಹೋಗುತ್ತಿತ್ತು. ನಾನು ಕೊಡೆ ಹಿಡಿದು ಆ ನೀರಿನ ಜೊತೆಯೇ ನಡೆದುಹೋದೆ. ಎಂಟೂ ರೂಮುಗಳಲ್ಲಿ ಮೊಣಕಾಲುದ್ದ ನೀರು. ಗಂಡಸರು ಬಕೆಟ್ಟಿನಲ್ಲಿ, ಹೆಂಗಸರು ತಟ್ಟೆ ಪಾತ್ರೆಗಳಲ್ಲಿ ಎತ್ತಿ ಹೊರಗೆ ಸುರಿಯುತ್ತಿದ್ದರು. ಯಾದಗಿರಿ ಕಡೆಯ ಒಬ್ಬಾಕೆ, ನನ್ನ ವಯಸ್ಸಿನವಳು, ಒದ್ದೆಯಾದ ಜೋಳದ ಹಿಟ್ಟಿನ ಚೀಲವನ್ನು ಕಟ್ಟೆಯ ಮೇಲೆ ಎತ್ತಿಟ್ಟು, ಆಧಾರ್ ಕಾರ್ಡು, ಮಗಳ ಶಾಲೆಯ ಪುಸ್ತಕಗಳನ್ನು ಒಂದೊಂದಾಗಿ ಸೆರಗಿನಿಂದ ಒರೆಸುತ್ತಿದ್ದಳು. ನನ್ನ ಕೊರಳಿನ ಐಡಿ ಕಾರ್ಡು ನೋಡಿ ಸರ್ಕಾರದವಳೆಂದು ತಿಳಿದಳು.

"ಏನರ ಪರಿಹಾರ ಕೊಡ್ತಾರೇನ್ರಿ ಮೇಡಂ? ಬರ್ಕೋರಿ ನಮ್ದೂ."

ಮನೆಯೊಡತಿ ಆಚೆಯ ರೂಮಿನಿಂದ ಹೊರಬಂದರು. ಸೀರೆ ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದರು. ನನ್ನನ್ನು ಕಂಡು ನಿಂತರು.

"ಅವ್ರು ಸರ್ಕಾರ್ದೋರಲ್ಲ," ಎಂದರು. "ಅಲ್ಲಿ ಕುಂಟೆ ಇಲ್ಲ ಅಂತ ಏಳ್ದೋರು ಅವ್ರೇಯ."

ನೀರು ಎತ್ತುತ್ತಿದ್ದವರು ನಿಂತು ನೋಡಿದರು. ಪುಸ್ತಕ ಒರೆಸುತ್ತಿದ್ದಾಕೆ ತಲೆಯೆತ್ತಿದಳು. "ಹಂಗ್ಯಾಕ ಹೇಳಿದ್ರಿ?" ಎಂದಳು. ಅದರಲ್ಲಿ ಚುಚ್ಚುವ ಭಾವವೇನೂ ಇರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದಳು.

"ಮ್ಯಾಪಲ್ಲಿ ಇರ್ಲಿಲ್ಲ," ಎಂದೆ.

ಅವಳು ಇನ್ನೊಂದು ಪುಸ್ತಕ ಕೈಗೆತ್ತಿಕೊಂಡಳು. "ಮ್ಯಾಪಿನ್ಯಾಗ ನಮ್ಮ ಖೋಲಿನೂ ಇರ್ಲಿಕ್ಕಿಲ್ರಿ. ನೀರ ಬಂತಲ್ರಿ ಮತ್ತ."

ನಾನು ಕೊಡೆ ಮಡಚಿಟ್ಟು ಅಲ್ಲೇ ಇದ್ದ ಒಂದು ಬಕೆಟ್ ಎತ್ತಿಕೊಂಡೆ. ಮನೆಯೊಡತಿ ಬಂದು ಅದನ್ನು ನನ್ನ ಕೈಯಿಂದ ಬಿಡಿಸಿಕೊಂಡರು. "ಬುಡಿ ಮೇಡಂ. ಬಟ್ಟೆ ಕೆಡ್ತವೆ," ಎಂದರು.

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆ ಬಹುವಚನ ತಡೆದುಕೊಳ್ಳಲಾಗಲಿಲ್ಲ.

ಆಫೀಸಿಗೆ ಬಂದು ಪಾಲನಾ ವರದಿಯಲ್ಲಿ, ಈ ಜಾಗದಲ್ಲಿ ಕುಂಟೆ ಇತ್ತು, ಅದನ್ನು ಮುಚ್ಚಿದ್ದರಿಂದ ನೀರಿನ ದಾರಿ ಬದಲಾಗಿದೆ ಎಂದು ಬರೆದೆ. ಸೀನಿಯರ್ ನನ್ನನ್ನು ಕರೆದು ಬಾಗಿಲು ಹಾಕಿದರು.

"ಹಳೇ ರಿಪೋರ್ಟಲ್ಲಿ ಫೀಲ್ಡ್ ಸ್ಟಡಿ ಮಾಡಿದೋರು ಅಂತ ಯಾರ ಸೈನ್ ಇದೆ?"

"ನಂದು ಸರ್."

"ಅದು ಸುಳ್ಳು ಅಂತ ಈಗ ನೀನೇ ಬರೀತಿದೀಯ. ಗೊತ್ತಾಗ್ತಿದ್ಯಾ? ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ ಕಣಮ್ಮ."

ನಾನು ಆ ಪ್ಯಾರಾ ತೆಗೆದುಹಾಕಿದೆ. ಇದನ್ನು ಬರೆಯದೆ ಬಿಡಬಹುದಿತ್ತು. ಮಳೆಯಲ್ಲಿ ನಿಂತು ನಾಚಿಕೊಂಡು ಬಂದವಳು ಆಮೇಲೆ ಧೈರ್ಯದಿಂದ ನಡೆದುಕೊಂಡಳು ಎಂದರೆ ಓದುವವರಿಗೂ ಹಿತವಾಗಿರುತ್ತಿತ್ತು. ಆದರೆ ನಡೆದದ್ದು ಹಾಗಲ್ಲ. ನಾನು ಮೊದಲು ಬೇರೆ ಕೆಲಸ ಹುಡುಕಿದೆ. ಪೀಣ್ಯದಲ್ಲೇ ಇನ್ನೊಂದು ಕಾರ್ಖಾನೆಯ ಲ್ಯಾಬಿನಲ್ಲಿ ನೀರು ಪರೀಕ್ಷಿಸುವ ಕೆಲಸ ಸಿಕ್ಕಿತು. ನೇಮಕದ ಪತ್ರ ಕೈಗೆ ಬಂದ ಮೇಲೆ, ಹಳೆಯ ಆಫೀಸು ಬಿಟ್ಟ ಮೇಲೆ, ಇನ್ನೂ ಎರಡು ವಾರ ಕಳೆದ ಮೇಲೆ, ಅನುಮತಿ ಕೊಟ್ಟವರಿಗೆ ಪತ್ರ ಬರೆದೆ. ನಾನು ಕಂಡದ್ದು, ಕೇಳಿದ್ದು, ಬರೆಯದೆ ಬಿಟ್ಟದ್ದು ಎಲ್ಲವನ್ನೂ ಬರೆದು, ಆಕೆ ಚಪ್ಪಡಿಯ ಮೇಲೆ ನಿಂತಿದ್ದ ಫೋಟೋ ಸೇರಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ.

ಉತ್ತರ ಬರುವುದಿಲ್ಲ ಎಂದುಕೊಂಡಿದ್ದೆ. ಎಷ್ಟೋ ತಿಂಗಳಾದ ಮೇಲೆ ಬಂತು. ಒಬ್ಬ ಅಧಿಕಾರಿ ಸ್ಥಳ ಪರಿಶೀಲನೆಗೆ ಬರುತ್ತಾರೆ, ಪತ್ರ ಬರೆದವರೂ ಹಾಜರಿರಬೇಕು ಎಂದಿತ್ತು. ರಜೆ ಹಾಕಿ ಹೋದೆ. ಕಂಪನಿಯ ಇಬ್ಬರಿದ್ದರು. ಹಳೆಯ ಆಫೀಸಿನಿಂದ ಸೀನಿಯರೂ ಬಂದಿದ್ದರು, ನನ್ನನ್ನು ಕಂಡು ಮುಖ ತಿರುಗಿಸಿಕೊಳ್ಳಲಿಲ್ಲ, ಸಣ್ಣಗೆ ತಲೆಯಾಡಿಸಿದರು. ಬಾಯ್ಲರ್ ಮನೆಯ ಮುಂದೆ ಸಿಮೆಂಟ್ ನೆಲದ ಮೇಲೆ ನಿಂತು, ಏರಿ ಎಲ್ಲಿತ್ತು, ನೀರು ಯಾವ ಕಡೆಯಿಂದ ಬರುತ್ತಿತ್ತು ಎಂದು ಕೈತೋರಿಸಿ ಹೇಳಿದೆ. ಅಧಿಕಾರಿ ಬರೆದುಕೊಂಡರು.

ಆಕೆಯನ್ನೂ ಕರೆಸಿದ್ದರು. ದೂರದಲ್ಲಿ ಕೈಕಟ್ಟಿ ನಿಂತಿದ್ದರು. "ಇಲ್ಲೇನಮ್ಮ ಇದ್ದಿದ್ದು?" ಎಂದು ಅಧಿಕಾರಿ ಕೇಳಿದಾಗ, "ಆವತ್ತೇ ಏಳಿದ್ನಲ್ಲ ಸಾರ್. ಮತ್ತೆ ಯಾಕೆ ನನ್ ಬಾಯಲ್ಲಿ?" ಎಂದು ಹೊರಟುಬಿಟ್ಟರು. ಅವರಿಗೆ ಹಸುವಿನ ಹಾಲು ಕರೆಯುವ ಹೊತ್ತಾಗಿತ್ತು.

ಕುಂಟೆ ತಿರುಗಿ ಬರಲಿಲ್ಲ. ಅದರ ಮೇಲೆ ಆಗಲೇ ಕಟ್ಟಡಗಳಿದ್ದವು. ಗೋಡೆಯ ಗುಂಟ ಅಗಲವಾದ ಚರಂಡಿ ತೋಡಿ ನೀರನ್ನು ಕೆಳಗಿನ ಹಳ್ಳಕ್ಕೆ ಸೇರಿಸಬೇಕೆಂದು ಕಂಪನಿಗೆ ಆದೇಶವಾಯಿತು. ತೋಡಿದರು. ಮುಂದಿನ ಮಳೆಗಾಲದಲ್ಲಿ ರೂಮುಗಳಿಗೆ ನೀರು ಬಂತು, ಆದರೆ ಹೊಸಲು ದಾಟಿ ಒಂದು ಗೇಣು ಮಾತ್ರ ಎಂದು ಕೇಳಿದೆ. ಕೇಳಿದ್ದು ಆಕೆಯ ಗಂಡನಿಂದ. ಡೇರಿಯ ನಂಬರಿಗೆ ಫೋನು ಮಾಡಿ ವಿಚಾರಿಸಿದ್ದೆ. ಅವರು ಸೌಜನ್ಯದಿಂದಲೇ ಮಾತಾಡಿದರು. ಯಾದಗಿರಿಯ ಸಂಸಾರ ಮೊಣಕಾಲುದ್ದ ನೀರು ನುಗ್ಗಿದ್ದ ಆ ಸೆಪ್ಟೆಂಬರಿನ ಮಳೆಯ ನಂತರವೇ ರೂಮು ಬಿಟ್ಟು ಬೊಮ್ಮನಹಳ್ಳಿ ಕಡೆ ಹೋಯಿತಂತೆ. ಹೆಂಡತಿಗೆ ಫೋನು ಕೊಡಲೇ ಎಂದು ಅವರಾಗಿಯೇ ಕೇಳಿ, ಒಂದು ನಿಮಿಷ ಬಿಟ್ಟು, "ಕೆಲ್ಸದಲ್ಲವ್ಳೆ ಕಣಮ್ಮ," ಎಂದರು. ನಾನು ಮತ್ತೆ ಮಾಡಲಿಲ್ಲ.

ಹೋದ ತಿಂಗಳು ನನ್ನ ಈಗಿನ ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗಿ ಮೂವತ್ತು ಪುಟದ ಒಂದು ಜೆರಾಕ್ಸ್ ಕಟ್ಟು ತಂದಳು. ಅವಳ ತಾಯಿಯ ಊರಿನ ಹತ್ತಿರ ಯಾವುದೋ ಕಾರ್ಖಾನೆ ಬರುತ್ತಿದೆಯಂತೆ, ಸಭೆ ಇದೆಯಂತೆ, ಊರಿನವರಿಗೆ ಈ ಕನ್ನಡ ಅರ್ಥವಾಗುತ್ತಿಲ್ಲವಂತೆ. ಊಟದ ಹೊತ್ತಿನಲ್ಲಿ ಡಬ್ಬಿ ಪಕ್ಕಕ್ಕಿಟ್ಟು ಓದಿದೆ. ಬರೆದವರು ಯಾರೋ ಗೊತ್ತಿಲ್ಲ, ಭಾಷೆ ಮಾತ್ರ ನನ್ನದೇ. ಒಂದೊಂದು ಸಾಲನ್ನೂ ಬಿಡಿಸಿ, ಇಲ್ಲಿ ಏನನ್ನು ಹೇಳದೆ ಬಿಟ್ಟಿದ್ದಾರೆ, ಸಭೆಯಲ್ಲಿ ಏನು ಕೇಳಬೇಕು, ಬಾಯಲ್ಲಿ ಹೇಳುವುದಲ್ಲದೆ ಬರೆದೂ ಕೊಡಬೇಕು ಎಂದೆಲ್ಲ ವಿವರಿಸಿದೆ. ಅವಳು ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡಳು.

"ಅವ್ರು ಬಚ್ಚಿಟ್ಟಿರೋದೆಲ್ಲ ನಿಮಗೆ ಹೇಗೆ ಅಕ್ಕ ಇಷ್ಟು ಬೇಗ ಗೊತ್ತಾಗುತ್ತೆ?" ಎಂದು ಮೆಚ್ಚುಗೆಯಿಂದ ಕೇಳಿದಳು.

"ಮುಂಚೆ ಆ ಫೀಲ್ಡಲ್ಲೇ ಕೆಲಸ ಮಾಡ್ತಿದ್ನಲ್ಲ," ಎಂದೆ.

"ಬಿಟ್ಟಿದ್ಯಾಕೆ ಮತ್ತೆ?"

"ಸೈಟುಗಳೆಲ್ಲ ತುಂಬಾ ದೂರ ಆಗ್ತಿತ್ತು," ಎಂದೆ. ಅವಳು ನಂಬಿದಳು.